ಲಕ್ವ ಹೊಡೆದ ಕೈ

ನಾನು ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದ ಹಿರಿಯರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಹಾಗೆ ಹೋಗುತ್ತಿದ್ದ ಒಂದು ಮನೆಯ ತಾತನ ಬಲಗೈ ಬಿದ್ದುಹೋಗಿ ಆರು ವರ್ಷವಾಗಿತ್ತು. "ಈ ಕೈಗೆ ನನಗಿಂತ ಮೊದಲೇ ರಿಟೈರ್‌ಮೆಂಟ್ ಆಯ್ತಮ್ಮ," ಎಂದು ನಗಿಸುತ್ತಿದ್ದರು.

ಅಂದು ಹನ್ನೊಂದು ಗಂಟೆಯ ಬಿಸಿಲು ಮಂಚದ ಮೇಲೇ ಬಿದ್ದಿತ್ತು. ಆದರೂ ಆ ಕೈ ಮಾತ್ರ ಫ್ರಿಜ್ಜಿನಿಂದ ತೆಗೆದಂತೆ ಕೊರೆಯುತ್ತಿತ್ತು. ಮಡಚಿಕೊಂಡ ಬೆರಳುಗಳನ್ನು ಬಿಡಿಸುತ್ತಿದ್ದಾಗ ಅವು ನನ್ನ ಬೆರಳನ್ನು ಮೆಲ್ಲಗೆ ಅದುಮಿದವು.

"ತಾತಾ, ಕೈ ಬರ್ತಾ ಇದೆ!" ಎಂದೆ.

ತಾತನ ಮುಖ ಬಿಳಿಚಿಕೊಂಡಿತು. "ಬಿಡಿಸ್ಕೊಂಡು ಓಡಮ್ಮ. ಅದು ನಾನಲ್ಲ."

ಅಷ್ಟರಲ್ಲಿ ಕೈ ನನ್ನ ಕುತ್ತಿಗೆ ಹಿಡಿದು, ತಲೆಯನ್ನು ಮಂಚದ ಕಬ್ಬಿಣಕ್ಕೆ ಎರಡು ಸಲ ಅಪ್ಪಳಿಸಿತು. ಹಣೆಯ ರಕ್ತ ಕಣ್ಣಿಗಿಳಿಯಿತು. ತಾತ ಅಳುತ್ತಲೇ ಆ ಕೈಯನ್ನು ಹಲ್ಲಿನಿಂದ ಕಚ್ಚಿ ಎಳೆದರು, ಹಿಡಿತ ಸಡಿಲವಾಗಲಿಲ್ಲ. ಅವರ ಹೆಂಡತಿ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದು ಓಡಿಬಂದು ಮಣಿಕಟ್ಟಿಗೆ ಬೀಸಿ ಹೊಡೆದರು. ಮೂಳೆ ಮುರಿದ ಸದ್ದು ಕೇಳಿತು. ಆಗ ನನಗೆ ಉಸಿರು ಬಂತು.

ಆಸ್ಪತ್ರೆಯಲ್ಲಿ ನನ್ನ ಹಣೆಗೆ ಏಳು ಹೊಲಿಗೆ ಬಿದ್ದವು. ತಾತನ ಎಕ್ಸ್‌ರೇ ನೋಡಿದ ಡಾಕ್ಟರು, "ಇದೇ ಜಾಗ ಹಿಂದೆ ಎರಡು ಸಲ ಮುರಿದು ಕೂಡ್ಕೊಂಡಿದೆಯಲ್ಲ, ಹೇಗಾಯ್ತು?" ಎಂದರು.

ಅಜ್ಜಿ ತಾತನ ಭುಜ ಮುಟ್ಟಿ ತೋರಿಸಿದರು. "ಈ ಸಲ ಪ್ಲಾಸ್ಟರ್ ಭುಜದ ತನಕ ಹಾಕಿ ಡಾಕ್ಟ್ರೇ," ಎಂದರಷ್ಟೇ.