ಡಿಕ್ಕಿಯೊಳಗಿನ ವಯಲಿನ್

ಸೆಲೆಸ್ಟಿನ್ ಸಾಯುವ ಮುಂಚೆ ತನ್ನ ವಯಲಿನ್ ಕೊಟ್ಟದ್ದು ಗಂಡನಿಗಲ್ಲ, ಯೂಸ್ಟೇಸನಿಗೆ. ಕಾಸ್ಮಿರನ ಎದೆಯಲ್ಲಿ ನೆಟ್ಟ ಮುಳ್ಳು ಅದೇ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನ ಕೈ ಹಿಡಿದುಕೊಂಡೇ ಹೇಳಿದ್ದಳು: "ವಯಲಿನ್ ಯೂಸ್ಟೇಸನ ಹತ್ರ ಉಂಟು. ಯಾಕಂತ ಅವನೇ ಹೇಳ್ತಾನೆ. ನೀವು ಕೋಪ ಮಾಡ್ಬೇಡಿ, ಆಯ್ತಾ?"

ಕೋಪ ಮಾಡಬೇಡಿ ಅಂತೆ! ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅಷ್ಟೂ ಅರ್ಥವಾಗುವುದಿಲ್ಲವೇ? ಯೂಸ್ಟೇಸ್ ದೋಹಾದ ಇಗರ್ಜಿಯಲ್ಲಿ ಕೊಂಕಣಿ ಹಾಡುಗಾರರ ತಂಡ ನಡೆಸುವವನು. ಶುಕ್ರವಾರದ ಪೂಜೆ ಮುಗಿದ ಮೇಲೂ ಅವನೂ ಸೆಲೆಸ್ಟಿನಳೂ ಸ್ವರ ಕೂಡಿಸುತ್ತಾ ನಿಲ್ಲುತ್ತಿದ್ದರು. ಕಾಸ್ಮಿರ್ ಕಾರಿನಲ್ಲಿ ಏಸಿ ಹಾಕಿಕೊಂಡು ಕಾಯುತ್ತಿದ್ದ. ಅವನಿಗೆ ಸಂಗೀತ ದಕ್ಕಿರಲಿಲ್ಲ. ಚಿಕ್ಕವನಿದ್ದಾಗ ಕಲಿಯಲು ಹೋದರೆ ಮೇಸ್ಟ್ರು, "ಎಡಚನಿಗೆ ಎಲ್ಲ ತಿರುಗಿಸಿ ಕಟ್ಟಿದ ವಯಲಿನ್ ಬೇಕು. ಎಲ್ಲಿಂದ ತರ್ಲಿ ಮಾರಾಯ?" ಎಂದು ವಾಪಸು ಅಟ್ಟಿದ್ದರು. ಮದುವೆಯ ಹೊಸತರಲ್ಲಿ ಅದನ್ನು ಹೇಳಿಕೊಂಡು ಅವನು ನಕ್ಕಿದ್ದ. ಸೆಲೆಸ್ಟಿನ್ ನಕ್ಕಿರಲಿಲ್ಲ.

ಅವಳು ಹೋದ ಮೇಲೆ ಯೂಸ್ಟೇಸ್ ಒಂದು ಸಲ ಬಾಯಿ ತೆರೆದ. "ಕಾಸ್ಮಿರಣ್ಣ, ಆ ವಯಲಿನ್ ವಿಷಯ ಸ್ವಲ್ಪ ಕೂತು ಮಾತಾಡ್ಬೇಕಿತ್ತು..."

"ಖಲಾಸ್ ಯೂಸ್ಟೇಸ್. ಅವಳ ಸುದ್ದಿ ಎತ್ಬೇಡ."

"ಆಯ್ತಣ್ಣ. ಅವಳ ವರ್ಷದ ಪೂಜೆ ಕಳೀಲಿ. ಆಗ ಹೇಳ್ತೇನೆ."

ತಪ್ಪೊಪ್ಪಿಗೆಗೆ ಮುಹೂರ್ತ ಬೇರೆ, ಎಂದುಕೊಂಡ ಕಾಸ್ಮಿರ್.

ಬೇಸಿಗೆಗೆ ಊರಿಗೆ ಹೋಗುವ ಒಂಟಿ ಗಂಡಸರು ರೂಮನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಸಾಮಾನನ್ನು ಕಾರಿನ ಡಿಕ್ಕಿಗೆ ತುಂಬಿ, ಕೀಯನ್ನು ನಂಬಿಕಸ್ಥರ ಕೈಗೆ ಕೊಟ್ಟು ಹೋಗುತ್ತಾರೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡದಿದ್ದರೆ ಬ್ಯಾಟರಿ ಸಾಯುತ್ತದೆ. ಅಲ್ ಸದ್ದ್ ಬಡಾವಣೆಯಲ್ಲಿ ಕಾಸ್ಮಿರನ ಬಿಲ್ಡಿಂಗಿನಲ್ಲೇ ಇದ್ದ ಯೂಸ್ಟೇಸ್ ಊರಿಗೆ ಹೊರಟಾಗ ಕೀ ಕೊಟ್ಟದ್ದು ಅವನಿಗೇ. "ವಯಲಿನ್ ಡಿಕ್ಕಿಯಲ್ಲೇ ಉಂಟು ಅಣ್ಣ. ಬೇಸ್‌ಮೆಂಟ್ ತಂಪು. ನಿಮ್ಮ ಕಣ್ಣಮುಂದೆ ಇದ್ರೆ ನನಗೆ ಧೈರ್ಯ." ಕುರಿ ಕಾಯಲು ತೋಳನನ್ನು ನೇಮಿಸಿದ ಹಾಗಾಯಿತು.

ಆ ವಯಲಿನನ್ನು ಮಾಯ ಮಾಡಲು ಕಾಸ್ಮಿರ್ ಮೊದಲು ಮಾಡಬೇಕಾದದ್ದು ಏನೂ ಇರಲಿಲ್ಲ. ಸ್ಟಾರ್ಟ್ ಮಾಡದೆ ಸುಮ್ಮನಿದ್ದರೆ ಸಾಕು. ಬ್ಯಾಟರಿ ಸತ್ತರೆ ಮುಂಗಾಜಿಗೆ ಅಂಟಿಸಿದ ಕ್ಯಾಮೆರಾ ಕುರುಡು, ಅಲಾರಂ ಮೂಗ, ಡಿಕ್ಕಿಯ ಬಟನ್ ಒತ್ತಿದರೂ ಅಲ್ಲಾಡದು. "ಬ್ಯಾಟರಿ ಹೋಗಿತ್ತು ಮಾರಾಯ, ಡಿಕ್ಕಿ ತೆರೆಯುವುದಾದರೂ ಹೇಗೆ?" ಎಂದರೆ ಯಾರು ಅನುಮಾನಿಸುತ್ತಾರೆ? ಸತ್ತವಳು ನಂಬಿ ಕೊಟ್ಟದ್ದನ್ನು ಕಾರಿನಲ್ಲಿ ಬಿಟ್ಟು ಹೋದ ಬೇಜವಾಬ್ದಾರಿ ಎಂದು ಇಡೀ ತಂಡ ಯೂಸ್ಟೇಸನಿಗೇ ಉಗಿಯುತ್ತದೆ.

ಬ್ಯಾಟರಿ ಸತ್ತ ಮೇಲೆ ಒಂದು ಶುಕ್ರವಾರ, ಅರ್ಧ ಬಿಲ್ಡಿಂಗ್ ಜುಮಾ ನಮಾಜಿಗೆ, ಉಳಿದರ್ಧ ಇಗರ್ಜಿಗೆ ಹೋಗಿದ್ದ ಹೊತ್ತಿನಲ್ಲಿ ಅವನು ಬೇಸ್‌ಮೆಂಟಿಗೆ ಮೆಟ್ಟಿಲಿಳಿದು ಬಂದ. ಲಿಫ್ಟಿಗೆ ಕ್ಯಾಮೆರಾ ಉಂಟು, ಮೆಟ್ಟಿಲಿಗಿಲ್ಲ. ರಿಮೋಟಿನ ಹೊಟ್ಟೆಯಿಂದ ಸಣ್ಣ ಲೋಹದ ಕೀ ಎಳೆದು ಡ್ರೈವರ್ ಬಾಗಿಲು ತೆರೆದ. ಹಿಂದಿನ ಸೀಟನ್ನು ಮಡಚಿ, ಎದೆಯವರೆಗೆ ಕತ್ತಲೆಯೊಳಗೆ ತೂರಿಕೊಂಡ. ಉದ್ದದ ಪೆಟ್ಟಿಗೆ ರಟ್ಟಿನ ಡಬ್ಬಗಳ ಮಧ್ಯೆ ಸಿಕ್ಕಿಕೊಂಡಿತ್ತು, ಈ ಕಡೆಯಿಂದ ಬರುವ ಹಾಗಿರಲಿಲ್ಲ. ಡಿಕ್ಕಿಯ ಬಾಗಿಲಿನ ಒಳಗಡೆ, ಒಳಗೆ ಸಿಕ್ಕಿಬಿದ್ದವರಿಗೆಂದೇ ಇಟ್ಟ ಹಿಡಿ ಮಂದವಾಗಿ ಹೊಳೆಯುತ್ತಿತ್ತು. ಎಡಗೈ ಚಾಚಿ ಎಳೆದ. ಟಕ್ ಎಂದು ಬಾಗಿಲು ಎದ್ದಿತು. ಹಿಂದೆ ಹೋಗಿ ಪೆಟ್ಟಿಗೆ ತೆಗೆದು, ಎಲ್ಲವನ್ನೂ ಇದ್ದ ಹಾಗೆಯೇ ಮುಚ್ಚಿದ. ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯವಾಯಿತು.

ಬಿಲ್ಡಿಂಗಿನ ಹಿಂದೆ ಕೆಡವಿದ ವಿಲ್ಲಾದ ಮೋಟುಗೋಡೆ ಇತ್ತು. ರಜೆ, ಕೆಲಸದವರಿಲ್ಲ, ಬಿಸಿಲಿಗೆ ಕಾಗೆಯೂ ಇಲ್ಲ. ಪೆಟ್ಟಿಗೆ ತೆರೆದಾಗ ಅವಳ ಪೌಡರಿನ ವಾಸನೆ ಬಂತು. ಎಷ್ಟು ಹಗಲು ಅವಳು ಇದನ್ನು ಎಡದವಡೆಗೆ ಒತ್ತಿಕೊಂಡು ನಿಂತದ್ದನ್ನು ಅವನು ಬಾಗಿಲ ಸಂದಿಯಿಂದ ನೋಡಿದ್ದನೋ! ಅವಳ ದವಡೆಯಡಿ ಒಂದು ಕಂದು ಕಲೆಯೇ ಬಿದ್ದಿತ್ತು. ಆ ಕಲೆಯೆಂದರೆ ಅವನಿಗೆ ಪ್ರಾಣ. ಕಣ್ಣು ಮುಚ್ಚಿ ವಯಲಿನಿನ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ. ಮರ ಸೀಳಿತು. ತಂತಿಗಳು ಒಮ್ಮೆ ನರಳಿ ಸುಮ್ಮನಾದವು.

ಚೂರುಗಳನ್ನು ಪೆಟ್ಟಿಗೆಗೆ ತುಂಬುವಾಗ ಗದ್ದ ಊರುವ ಕರಿಮರದ ಬಟ್ಟಲು, ಅದನ್ನು ಬಿಗಿದ ಮರದ ಚೂರಿನ ಸಮೇತ, ಕೈಗೆ ಬಂತು. ಅವಳ ಗದ್ದ ತಾಗಿ ಸವೆದ ಜಾಗವನ್ನು ಕೊನೆಯದಾಗಿ ಒಮ್ಮೆ ಸವರಬೇಕೆನಿಸಿತು. ಸವೆತ ಸಿಗಲಿಲ್ಲ. ಬಟ್ಟಲು ಹೊಚ್ಚ ಹೊಸದು. ಅದನ್ನು ಬಿಗಿದದ್ದು ಎಡಕ್ಕಲ್ಲ, ಬಲಕ್ಕೆ. ತಂತಿ ಸಿಕ್ಕಿಸುವ ಕೆಳಗಿನ ಹಲಗೆಯಲ್ಲಿ ಇನ್ನೂ ತೂಗುತ್ತಿದ್ದ ತಂತಿಗಳೂ ತಿರುಗಾಮುರುಗಾ, ದಪ್ಪದ್ದು ಇರಬೇಕಾದಲ್ಲಿ ಸಪೂರದ್ದು. ಅದನ್ನು ಎಡಚನೊಬ್ಬನಿಗೆಂದೇ ಬಿಚ್ಚಿ, ಹೊಸದಾಗಿ ಕಟ್ಟಿಸಲಾಗಿತ್ತು. ಅವನಿಗೆ ಗೊತ್ತಿದ್ದಂತೆ ಇಡೀ ದೋಹಾದಲ್ಲಿ ಸೆಲೆಸ್ಟಿನಳಿಗೆ ಇದ್ದ ಎಡಚ ಒಬ್ಬನೇ. ಕಾಸ್ಮಿರ್ ಆ ಬಿಸಿಲಲ್ಲಿ ಮಂಡಿಯೂರಿ, ಬಟ್ಟಲನ್ನು ಬಲದವಡೆಗೆ ಒತ್ತಿಕೊಂಡ. "ಕೋಪ ಮಾಡ್ಬೇಡ ಸೆಲೆಸ್ಟಿನ್," ಎಂದ, "ಆಯ್ತಾ?"