ಹಸಿರಾಗಿ ಹತ್ತಿದ ಆಯಿಲ್ ದೀಪ

ಕಣ್ಣಿಗೆ ಏಳು ಸುತ್ತು ಬಟ್ಟೆ ಕಟ್ಟಿ, ಕತ್ತಲ ಕೋಣೆಯಲ್ಲಿ ಕೂರಿಸಿ, ಅಂಗೈಗೆ ಒಂದು ಎಲ್‌ಇಡಿ ಕಾಳು ಹಾಕಿದರೆ ಸಾಕು, ಅದು ಹತ್ತಿದಾಗ ಯಾವ ಬಣ್ಣ ಕೊಡುತ್ತದೆಂದು ಸಾವಿರಕಣ್ಣ ಬೆರಳಲ್ಲಿ ಸವರಿಯೇ ಹೇಳುತ್ತಿದ್ದ. ಒಂದೆರಡಲ್ಲ, ಎಪ್ಪತ್ತೆರಡು ಬಣ್ಣ. ಕೆಂಪು ಕಾಳು ಬೆರಳನ್ನು ಚುರುಗುಟ್ಟಿಸುತ್ತದಂತೆ, ಹಸಿರು ತಣ್ಣಗಿರುತ್ತದಂತೆ, ನೀಲಿ ಒಳಗೊಳಗೇ ಗುನುಗುತ್ತದಂತೆ. ಕಾಮನಬಿಲ್ಲು ಮೂಡುವ ಮುನ್ನ ತನ್ನನ್ನು ಒಂದು ಮಾತು ಕೇಳುತ್ತದೆ ಎಂದೂ ಒಮ್ಮೆ ಹೇಳಿದ್ದ. ಆ ದಿನ ಮಾತ್ರ ಅವನ ಅಕ್ಕ ಸ್ಕ್ರೂಡ್ರೈವರ್ ಎಸೆದಿದ್ದಳು.

ಅಂಗಡಿ ಅಕ್ಕನದು, ಕೈಕೆಲಸ ತಮ್ಮನದು. ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನ ಡಯಲುಗಳನ್ನು ಬಿಚ್ಚಿ, ಮಂಕು ಬಲ್ಬು ಕಿತ್ತು, ಗಿರಾಕಿ ಬಯಸಿದ ಬಣ್ಣದ ಎಲ್‌ಇಡಿ ಬೆಸೆದು ಕೊಡುವುದು ಅವರ ಕಸುಬು. ತಮ್ಮ ಕೈ ಇಟ್ಟ ಡಯಲು ನೋಡಲು ನಕ್ಷತ್ರಗಳೇ ಕೆಳಗಿಳಿಯುತ್ತವೆ ಎಂಬ ಪ್ರತೀತಿ ಇತ್ತು. ಪ್ರತೀತಿ ಹಬ್ಬಿಸಿದವನೂ ಅವನೇ.

ಆ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಒಂದು ಕಾರನ್ನು ಹಗ್ಗ ಕಟ್ಟಿ ಎಳೆತಂದರು. ಇಂಜಿನ್ ಕಲ್ಲಾಗಿತ್ತು.

ಕಾರು ಮುದ್ರಣಾಲಯದ ಯಜಮಾನರದು. ಮಗನ ಆಸೆಗೆ ನಾಲ್ಕು ದಿನದ ಹಿಂದೆ ಇಲ್ಲೇ ಅದರ ಡಯಲುಗಳಿಗೆ ನೀಲಿ ಬೆಳಕು ಹಾಕಿಸಿದ್ದರು. ಎಚ್ಚರಿಕೆಯ ದೀಪಗಳನ್ನೂ ಬದಲಿಸಲಾಗಿತ್ತು. ಹಳೆಯ ಬಲ್ಬಿನ ಮುಂದಿದ್ದ ಬಣ್ಣದ ಪ್ಲಾಸ್ಟಿಕ್ ತೆಗೆದು, ಆಯಾ ಬಣ್ಣದ ಎಲ್‌ಇಡಿಯನ್ನೇ ಕೂರಿಸಿದ್ದರು. ಮೊನ್ನೆ ಸಂಜೆ ದಾರಿಯಲ್ಲಿ ಇಂಜಿನ್ ಆಯಿಲ್ ಸೋರಿಹೋಗಿತ್ತು. ಆಯಿಲ್ ಇಳಿದರೆ ಕೆಂಪು ದೀಪ ಹತ್ತಬೇಕು. ಡ್ರೈವರ್ ಮಾತ್ರ ನಿಲ್ಲಿಸದೆ ಹತ್ತು ಕಿಲೋಮೀಟರ್ ಓಡಿಸಿದ್ದ. ಸೇತುವೆಯ ನಡುವೆ ಇಂಜಿನ್ ಹಿಡಿದುಕೊಂಡು, ಹಿಂದಿನ ಲಾರಿ ಒಂದು ಗೇಣಿನಲ್ಲಿ ತಪ್ಪಿತ್ತು.

ಇಪ್ಪತ್ತೆರಡು ವರ್ಷದಿಂದ ಅವರಲ್ಲೇ ಇದ್ದ ಡ್ರೈವರ್. ಯಜಮಾನರ ಹಿತ್ತಿಲ ಎರಡು ಕೋಣೆಯಲ್ಲೇ ಅವನ ಸಂಸಾರ. ಸಂಜೆಯೊಳಗೆ ಕೋಣೆ ಖಾಲಿ ಮಾಡಬೇಕೆಂದು ಯಜಮಾನರು ಆಗಲೇ ಹೇಳಿಬಿಟ್ಟಿದ್ದರು.

"ಕೆಂಪು ದೀಪ ಹತ್ತಲೇ ಇಲ್ಲ ಯಜಮಾನ್ರೇ," ಎಂದ ಡ್ರೈವರ್. ಅದೆಷ್ಟನೆಯ ಸಲವೋ. "ಹಸಿರು ಹತ್ತಿತ್ತು. ಹಸಿರು ಅಂದ್ರೆ ಎಲ್ಲಾ ಸರಿಯಾಗಿದೆ ಅಂತ ಅಲ್ವಾ?"

ಯಜಮಾನರ ಮಗ ಕೀಲಿ ತಿರುಗಿಸಿದ. ಎಲ್ಲರೂ ಆಯಿಲ್ ದೀಪದತ್ತ ಬಗ್ಗಿದರು. ಸಾವಿರಕಣ್ಣ ಮಾತ್ರ ಅವರ ಮುಖಗಳನ್ನು ನೋಡಿದ.

"ಹಸಿರು," ಎಂದಳು ಅಕ್ಕ.

ವಿಮಾ ಕಂಪನಿಯಿಂದ ಬಂದಿದ್ದ ಸರ್ವೇಯರಮ್ಮ ಆಗಷ್ಟೇ ಕೊಡೆ ಮಡಚಿ ನಿಂತಿದ್ದರು. ಕನ್ನಡಕಕ್ಕೆ ದಾರ, ಕಾಲಿಗೆ ಸವೆದ ಚಪ್ಪಲಿ. ಇಂಥ ಹೆಂಗಸನ್ನು ಕಂಡರೆ ಕಳ್ಳನೂ ಕೂತ ಜಾಗ ಬಿಟ್ಟುಕೊಟ್ಟಾನು, ಹೆದರಲಾರ. ಅವರು ಕೇಳಿದ್ದು ಒಂದೇ ಪ್ರಶ್ನೆ: ಇಂಜಿನ್ ಕೆಟ್ಟ ರಾತ್ರಿ ಕಾರು ಎಲ್ಲಿತ್ತು?

"ಇವನ ಕೋಣೆ ಪಕ್ಕದ ಶೆಡ್ಡಿನಲ್ಲಿ!" ಎಂದ ಮಗ, ಡ್ರೈವರನತ್ತ ಬೆರಳು ಮಾಡಿ. "ತಪ್ಪು ಮುಚ್ಚಿಕೊಳ್ಳೋಕೆ ರಾತ್ರಿ ಕೂತು ದೀಪ ಬದಲಾಯಿಸಿದ್ದಾನೆ, ಇನ್ನೇನು?"

ನೀಲಿ ಬೆಳಕು ಹಾಕಿಸಿದ ದಿನ ಅಂಗಡಿಯಿಂದ ಕಾರು ಬಿಡಿಸಿಕೊಂಡು ಹೋದದ್ದು ಈ ಮಗನೇ. ಆಗ ಕೀಲಿ ತಿರುಗಿಸಿದಾಗ ಆಯಿಲ್ ದೀಪ ಯಾವ ಬಣ್ಣದಲ್ಲಿತ್ತು? ನೆನಪಿಲ್ಲ ಎಂದ, ತನ್ನ ನೀಲಿ ಬೆಳಕು ಬಿಟ್ಟು ಬೇರೇನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಯ ಪರೀಕ್ಷೆಯನ್ನು ಯಾವಾಗಲೂ ಅಕ್ಕನೇ ಮಾಡುವುದು. ಅವತ್ತು ಅವಳು ಹಲ್ಲು ಕೀಳಿಸಲು ಹೋಗಿದ್ದಳು.

"ನಿಮ್ಮ ತಮ್ಮನೇ ತಪ್ಪಾಗಿ ಹಾಕಿರಬಹುದಲ್ಲ?" ಎಂದರು ಸರ್ವೇಯರಮ್ಮ.

ಅಕ್ಕ ಸೆಟೆದು ನಿಂತಳು. "ಬಡಾಯಿ ಕೊಚ್ಕೋತಾನೆ, ನಿಜ. ಆದ್ರೆ ಬಣ್ಣದಲ್ಲಿ ಇವನು ತಪ್ಪೋದಾ? ಕಣ್ಣು ಮುಚ್ಚಿ ಹೇಳ್ತಾನೆ. ಬೇಕಾದ್ರೆ ಬೀದಿಯೋರನ್ನೇ ಕೇಳಿ."

ಬೀದಿಯವರು ತಲೆಯಾಡಿಸಿದರು. ಆ ಬಡಾಯಿಯನ್ನು ಅದುವರೆಗೆ ಒಬ್ಬನೂ ನಂಬಿರಲಿಲ್ಲ. ಈಗ ಡ್ರೈವರನ ಕುತ್ತಿಗೆಗೆ ಉರುಳು ಹಾಕಲು ಎಲ್ಲರಿಗೂ ಅದೇ ಸಾಕ್ಷಿಯಾಯಿತು. ಡ್ರೈವರ್ ಸಾವಿರಕಣ್ಣನ ಕಡೆ ನೋಡಿದ. "ನೀನಾದ್ರೂ ಹೇಳಪ್ಪ," ಎಂದ ಮೆಲ್ಲಗೆ.

ಸಾವಿರಕಣ್ಣನ ನಾಲಿಗೆ ಎದ್ದರೆ ಬಿಸಿಲೂ ನೆರಳು ಹುಡುಕುತ್ತಿತ್ತು. ಅವತ್ತು ಮಾತ್ರ ಅವನು ಬಗ್ಗಿ ಸ್ಕ್ರೂಡ್ರೈವರ್ ಹುಡುಕತೊಡಗಿದ.

ಡಯಲಿನ ಪೆಟ್ಟಿಗೆ ಬಿಚ್ಚಿಡಲು ಯಜಮಾನರು ಹೇಳಿದರು. ಸರ್ವೇಯರಮ್ಮ ಹೊರಗೆ ಡ್ರೈವರನ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಸಾವಿರಕಣ್ಣ ಪೆಟ್ಟಿಗೆಯನ್ನು ಹಿಂದಿನ ಮೇಜಿಗೆ ಒಯ್ದ. ಮೇಜಿಗೆ ಹಸಿರು ರಬ್ಬರಿನ ಹಾಳೆ ಹೊದಿಸಿತ್ತು. ಅವರು ಒಳಗೆ ಬರುವಷ್ಟರಲ್ಲಿ ಸ್ಕ್ರೂಗಳು ಹೊರಬಿದ್ದಿದ್ದವು. ಅವನು ಬಟ್ಟೆ ಹಿಡಿದು ಮೇಜನ್ನು ಒರೆಸುತ್ತಿದ್ದ. ಒರೆಸಿದ ಎಂದರೆ, ಇರುವೆ ಜಾರಿ ಬೀಳುವಷ್ಟು ಒರೆಸಿದ್ದ.

"ಬೇರೆಯವರು ಇದನ್ನ ಬಿಚ್ಚಿದ್ರೆ ನಿಮಗೆ ಗೊತ್ತಾಗುತ್ತಾ?" ಎಂದು ಕೇಳಿದರು ಸರ್ವೇಯರಮ್ಮ.

ಉತ್ತರ ಕೊಟ್ಟವಳು ಅಕ್ಕ. ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಕೊನೆಯ ಸ್ಕ್ರೂವಿನ ತಲೆಗೆ ತಮ್ಮ ಅವಳ ಉಗುರು ಬಣ್ಣದ ಒಂದು ಹನಿ ಬಿಡುತ್ತಾನೆ. ಯಾರಾದರೂ ಕೈ ಹಾಕಿದರೆ ಹನಿ ಒಡೆಯುತ್ತದೆ. ಅದು ಈ ಅಂಗಡಿಯ ಮುದ್ರೆ.

"ಇದರಲ್ಲಿ ಮುದ್ರೆ ಇತ್ತಾ?"

ಎಲ್ಲರೂ ಸಾವಿರಕಣ್ಣನತ್ತ ತಿರುಗಿದರು.

"ಇರಲಿಲ್ಲ," ಎಂದ ಸಾವಿರಕಣ್ಣ. "ನಾನು ನೋಡೋ ಹೊತ್ತಿಗೇ ಒಡೆದಿತ್ತು. ಯಾರೋ ಬಿಚ್ಚಿದ್ದಾರೆ."

ಯಜಮಾನರು ಡ್ರೈವರನತ್ತ ಕೈ ಚಾಚಿದರು: ಹಿತ್ತಿಲ ಕೋಣೆಯ ಬೀಗದ ಕೈ. ಡ್ರೈವರ್ ಜೇಬಿನಿಂದ ಗೊಂಚಲು ತೆಗೆದು ಅದನ್ನು ಬಿಡಿಸತೊಡಗಿದ.

"ಒಂದು ನಿಮಿಷ," ಎಂದರು ಸರ್ವೇಯರಮ್ಮ. ಅಕ್ಕನತ್ತ ತಿರುಗಿ, "ನಿಮ್ಮ ಉಗುರಿಗಿರೋದು ಅದೇ ಬಣ್ಣಾನಾ?"

"ಹೂಂ. ಹೊಸ ಸೀಸೆ. ಈ ಕಾರು ಮುಗಿದ ದಿನಾನೇ ತೆರೆದದ್ದು. ಆಮೇಲೆ ಬೇರೆ ಯಾವ ಕೆಲಸಾನೂ…" ಅಕ್ಕನ ಮಾತು ಅಲ್ಲೇ ನಿಂತಿತು. ಸರ್ವೇಯರಮ್ಮನ ಪೆನ್ನಿನ ತುದಿ ಮೇಜನ್ನು ತೋರುತ್ತಿತ್ತು. ಒರೆಸಿದ ಹಸಿರು ಹಾಳೆಯ ಅಂಚಿನಲ್ಲಿ, ಅಕ್ಕಿಯ ನುಚ್ಚಿನಷ್ಟು, ಒಂದು ಕಡುಗೆಂಪು ಚೂರು.

"ಡ್ರೈವರ್ ಬಿಚ್ಚಿದ್ದರೆ ಈ ಚೂರು ಅವರ ಶೆಡ್ಡಿನಲ್ಲಿ ಬೀಳಬೇಕಿತ್ತು. ಈ ಮೇಜಿನ ಮೇಲೆ ಬಿದ್ದಿದೆ ಅಂದ್ರೆ, ಮುದ್ರೆ ಒಡೆದದ್ದು ಇಲ್ಲೇ, ಈಗಷ್ಟೇ. ಅಲ್ಲಿವರೆಗೆ ಈ ಪೆಟ್ಟಿಗೆಗೆ ಯಾರೂ ಕೈ ಹಾಕಿಲ್ಲ. ಹಸಿರು ದೀಪ ಈ ಅಂಗಡಿಯಿಂದಲೇ ಹೋದದ್ದು."

ಸಾವಿರಕಣ್ಣ ಮೇಜಿನ ಮೇಲೆ ಕಣ್ಣಾಡಿಸಿದ. ಎಡಕ್ಕೆ ಹುಡುಕಿದ. ಬಲಕ್ಕೆ ಹುಡುಕಿದ. ಪೆನ್ನಿನ ತುದಿಯಲ್ಲೇ ಇದ್ದ ಚೂರನ್ನು ದಾಟಿ ಹೋದ.

"ಅದೇ ನನ್ನ ಎರಡನೇ ಮಾತು," ಎಂದರು ಅವರು, ದನಿ ತಗ್ಗಿಸಿ. "ಇಷ್ಟು ಚೊಕ್ಕಟವಾಗಿ ಒರೆಸಿದವರು ಇದೊಂದನ್ನೇ ಯಾಕೆ ಬಿಟ್ಟರು? ಹಸಿರಿನ ಮೇಲೆ ಕೆಂಪು. ಬಾಗಿಲಲ್ಲಿ ನಿಂತ ನನಗೇ ಕಾಣಿಸ್ತು." ಅವರು ತಟ್ಟೆಯಿಂದ ಎರಡು ಎಲ್‌ಇಡಿ ಆರಿಸಿ ಬ್ಯಾಟರಿಗೆ ಹಚ್ಚಿದರು. ಒಂದು ಕೆಂಪಾಗಿ ಹತ್ತಿತು, ಇನ್ನೊಂದು ಹಸಿರಾಗಿ. "ಕಣ್ಣು ಮುಚ್ಚಿ ಹೇಳ್ತೀರಂತಲ್ಲ? ಅದೇನೂ ಬೇಡ. ಕಣ್ಣು ಬಿಟ್ಟೇ ಹೇಳಿ. ಕೆಂಪು ಯಾವುದು?"

ಎಡವೋ? ಬಲವೋ? ಸಾವಿರಕಣ್ಣ ಅಕ್ಕನ ಮುಖ ನೋಡಿದ. ಡ್ರೈವರನ ಮುಖ ನೋಡಿದ. ಡ್ರೈವರನ ಕೈಯಿಂದ ಬೀಗದ ಕೈ ಇನ್ನೂ ಯಜಮಾನರ ಕೈಗೆ ದಾಟಿರಲಿಲ್ಲ. ಊಹಿಸಿದರೆ ಅರ್ಧಕ್ಕರ್ಧ ಅವಕಾಶ, ಬದುಕಿಬಿಡಬಹುದಿತ್ತು.

"ಗೊತ್ತಿಲ್ಲ," ಎಂದ. "ಎರಡೂ ನನಗೆ ಒಂದೇ. ಹುಟ್ಟಿದಾಗಿಂದ."

ಉಳಿದದ್ದನ್ನು ಅವನು ನೆಲಕ್ಕೆ ಹೇಳಿದ. ಕೆಂಪು ಹಸಿರಿನ ಭೇದ ಅವನಿಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಮುಳ್ಳು ಹೇಳುತ್ತಿತ್ತು. ಒಂದು ಕಾಳಿಗೆ ಒಂದು ಅಂಕಿ, ಇನ್ನೊಂದಕ್ಕೆ ಇನ್ನೊಂದು. ಮೇಜಿನ ಕೆಳಗೆ ಅದಕ್ಕೆ ಹಚ್ಚಿ ನೋಡಿಕೊಂಡು, ಮೇಲೆ ಕಣ್ಣು ಮುಚ್ಚಿ ಹೆಸರು ಹೇಳುತ್ತಿದ್ದ. ಈ ಕಾರಿನ ಕೆಲಸದ ದಿನ ಪಂಪು ರಿಪೇರಿಯವನು ಮಲ್ಟಿಮೀಟರ್ ಕೇಳಿ ಒಯ್ದಿದ್ದ. ತಟ್ಟೆ ಮಗುಚಿ ಕಾಳುಗಳು ಬೆರೆತುಹೋದವು. ಅಕ್ಕ ಇಲ್ಲ, ಗಿರಾಕಿ ಬಾಗಿಲಲ್ಲಿ. ಯಾರನ್ನಾದರೂ ಬಣ್ಣ ಕೇಳಿದ್ದರೆ ಸಾಕಿತ್ತು. ಸಾವಿರಕಣ್ಣ ಕೇಳುವುದುಂಟೇ?

"ಮುದ್ರೆ ಕಂಡಾಗಲೇ ಗೊತ್ತಾಯ್ತು, ತಪ್ಪು ನನ್ನದೇ ಅಂತ. ಉಗುರಲ್ಲಿ ಕೆರೆದುಬಿಟ್ಟೆ. ಅಂಗಡಿ ಹೆಸರು ಹೋಗುತ್ತೆ ಅಂತ…"

"ಅವರ ಮನೆ ಹೋಗ್ತಿತ್ತಲ್ಲೋ," ಎಂದಳು ಅಕ್ಕ. ಅದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಯಜಮಾನರತ್ತ ತಿರುಗಿ, ಇಂಜಿನ್ ನಮ್ಮ ಲೆಕ್ಕಕ್ಕೆ ಎಂದಳು.

ಯಜಮಾನರು ಚಾಚಿದ ಕೈ ಹಿಂದೆಗೆದರು. ಡ್ರೈವರ್ ಬೀಗದ ಕೈಯನ್ನು ಜೇಬಿಗಿಳಿಸಿ ಸಾವಿರಕಣ್ಣನತ್ತ ತಿರುಗಿದ. ಕೇಳಿದ, "ಅಲ್ಲಪ್ಪ, ಸಿಗ್ನಲ್ ಹೇಗೆ ದಾಟ್ತೀಯ?"

"ಮೇಲಿನದು ಹತ್ತಿದ್ರೆ ನಿಲ್ಲೋದು. ಕೆಳಗಿನದು ಹತ್ತಿದ್ರೆ ಹೋಗೋದು."

"ಇದು ಹತ್ತಿದ್ರೆ ನಿಲ್ಲು ಅಂತ ನನಗೂ ಹಾಗೇ ಒಂದು ಮಾತು ಹೇಳಬಾರದಿತ್ತಾ?" ಎಂದು ಅವನು ಹೊರಗೆ ನಡೆದ.

ಇಷ್ಟಾದ ಮೇಲೆ ಉಳಿದ ಸುಳ್ಳುಗಳನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಎಪ್ಪತ್ತೆರಡು ಬಣ್ಣ ಎಂದದ್ದು ಸುಳ್ಳು, ಅಂಗಡಿಯಲ್ಲಿದ್ದವು ಆರೇ. ಏಳು ಸುತ್ತಿನ ಬಟ್ಟೆ ಎಂದದ್ದು ಸುಳ್ಳು. ಇದ್ದದ್ದು ಒಂದು ಕರವಸ್ತ್ರ, ಅದೂ ತೂತು. ಸಾವಿರಕಣ್ಣ ಎಂದು ಬೀದಿಯವರು ಹೆಸರಿಟ್ಟದ್ದೂ ಅಲ್ಲ. ಆ ಹೆಸರನ್ನು ನನಗೆ ನಾನೇ ಇಟ್ಟುಕೊಂಡದ್ದು. ಅಷ್ಟೇ ಏಕೆ, ಆ ಚೂರು ಕಡುಗೆಂಪು ಎಂದು ಮೇಲೆ ಬರೆದೆನಲ್ಲ, ಅದೂ ಅಕ್ಕನನ್ನು ಕೇಳಿಯೇ ಬರೆದದ್ದು.