ಕಳ್ಳನ ಹೆಗಲು

ಸ್ಕ್ರೂಡ್ರೈವರ್‌ನ ತುದಿ ನನ್ನ ಕತ್ತಿಗೆ ಒತ್ತಿತು!

“ಫೋನ್ ಕೊಡು,” ಎಂದ ಬೆನ್ನ ಹಿಂದಿದ್ದವನು.

“ಯಾವ ಫೋನು?”

“ನಾಟಕ ಬೇಡ. ಊಟದ ಡಬ್ಬಿ... ಕೆಳಗಿನ ಖಾನೆ. ಬೇಗ!”

ನೀವೇ ಹೇಳಿ, ಹಾಡುಹಗಲಲ್ಲಿ, ಪಾರ್ಕಿಂಗ್ ಕಟ್ಟಡದ ಮೂರನೇ ಮಹಡಿಯಲ್ಲಿ, ಸುತ್ತ ಒಂದು ನರಪಿಳ್ಳೆಯೂ ಇಲ್ಲದಾಗ ಒಬ್ಬ ಹೆಂಗಸು ಏನು ಮಾಡಬೇಕು? ಕಿರುಚಬೇಕು ಅಂತೀರಾ?

ನಾನು ಕಿರುಚುವವಳಲ್ಲ. ಕಂಪನಿಗಳ ಒಳಗಿನ ಕಳ್ಳರನ್ನು ಹಿಡಿದು ಕೊಡುವುದು ನನ್ನ ಕಸುಬು.

“ಕೊಡ್ತೀನಿ ಇರಪ್ಪಾ,” ಎಂದು ಚೀಲಕ್ಕೆ ಕೈ ಹಾಕಿದೆ. ಸ್ಟೀಲ್ ಡಬ್ಬಿ ತೆಗೆದೆ. ಹಿಂದಕ್ಕೆ ಬೀಸಿದೆ!

ಮಂಡಿಗೆ ಬಿತ್ತು. “ಅಯ್ಯಮ್ಮಾ!” ಎಂದು ಕುಸಿದ. ತಿರುಗಿ ನೋಡಿದೆ. ಬೋಳು ತಲೆ, ಹೊಸ ಬೂಟು. ಯಾವತ್ತೂ ಕಂಡ ಮುಖವಲ್ಲ.

ಓಡಿದೆ.

ಇಳಿಜಾರಿನಲ್ಲಿ ಬೈಕ್ ಸದ್ದು ಹಿಂದೆಯೇ ಬಂತು. ಮೊದಲ ತಿರುವು... ಎರಡನೆಯದು... ನೆಲ ಬಿಟ್ಟು ಹಾರುವ ಗಾಡಿಗಳ ಮೊಬೈಲ್ ಆಟವೊಂದನ್ನು ಕಾಪಾಡಲು ಹೊರಟವಳು ನಾನು. ನನ್ನ ಕಾಲು ಮಾತ್ರ ನೆಲ ಬಿಡಲೊಲ್ಲದು! ಕೆಳಗೆ ಲಾರಿಯಿಂದ ರಟ್ಟಿನ ಪೆಟ್ಟಿಗೆ ಇಳಿಸುತ್ತಿದ್ದರು. ಕುರ್ತಾದ ತೋಳು ಹರಿದರೂ ಅದರ ಸಂದಿಯಲ್ಲಿ ನಾನು ನುಸುಳಿದೆ. ಬೈಕು ನುಸುಳಲಿಲ್ಲ.

ಪೆಟ್ಟಿಗೆಗಳು ಬಿದ್ದ ಸದ್ದು ಕೇಳಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ?

ಆ ಖುಷಿ ರಸ್ತೆ ದಾಟುವಷ್ಟರಲ್ಲಿ ಇಳಿದುಹೋಯಿತು. ಫೋನ್ ಕೆಳಗಿನ ಖಾನೆಯಲ್ಲಿದೆ ಅಂತ ಬೋಳನಿಗೆ ಹೇಗೆ ಗೊತ್ತು?

ಬೆಳಗ್ಗೆ ಅಡುಗೆಮನೆಯಲ್ಲಿ ಅದನ್ನು ಅಲ್ಲಿಟ್ಟವಳು ನಾನು. ಅದನ್ನು ನನ್ನ ಕೈಗೆ ಕೊಟ್ಟವನು ನನ್ನ ತಮ್ಮ. ಡಬ್ಬಿ ಕಟ್ಟಿಕೊಟ್ಟವರು ನನ್ನ ಗಂಡ. ನಾಲ್ಕನೆಯವರಿರಲಿಲ್ಲ.



ವಿಷಯ ಇಷ್ಟು. ‘ತ್ರಿಶಂಕು’ ಅಂತ ಒಂದು ರೇಸ್ ಆಟ. ಮುಂದಿನ ಶತಮಾನದ ಕತೆ, ಚಕ್ರವಿಲ್ಲದ ಗಾಡಿಗಳು, ಆಕಾಶದಲ್ಲಿ ರಸ್ತೆ. ಟೀವಿಗೆ ಜೋಡಿಸಿ ಆಡುವ ಕಾಲದಿಂದಲೂ ಅದರ ಭಾಗಗಳು ಬರುತ್ತಲೇ ಇವೆ. ಈಗ ಮೊದಲ ಸಲ ಮೊಬೈಲಿಗೆ ಬರುತ್ತಿದೆ. ಫೋನನ್ನೇ ಸ್ಟಿಯರಿಂಗ್ ಥರ ಎಡಕ್ಕೆ ಬಲಕ್ಕೆ ವಾಲಿಸಿ ಆಡುವುದು. ಅದರ ಟ್ರ್ಯಾಕುಗಳನ್ನೆಲ್ಲ ಕಟ್ಟಿದವನು ನನ್ನ ತಮ್ಮ.

ಬಿಡುಗಡೆಗೆ ಮೊದಲೇ ಆಟದ ಒಂದು ತುಣುಕು ಹೊರಗೆ ಬಂತು. ಕಳ್ಳನನ್ನು ಹಿಡಿಯಲು ಸ್ಟುಡಿಯೋದವರು ಕರೆದಿದ್ದು ನನ್ನನ್ನೇ. ತುಣುಕಿನ ಮೂಲೆಯಲ್ಲಿ, ಯಾವ ಫೋನಿನಿಂದ ಬಂತು ಅಂತ ಹೇಳುವ ಗುಟ್ಟಾದ ಗುರುತು. ಗುರುತು ತಮ್ಮನ ಟೆಸ್ಟ್ ಫೋನಿನದು. ಸ್ಟುಡಿಯೋ ಬಿಟ್ಟು ಹೊರಹೋಗಬಾರದ ಆ ಫೋನನ್ನು ಅವನು ನಮ್ಮ ಮನೆಗೆ ತಂದಿದ್ದ, ಕೊನೆಯ ಟ್ರ್ಯಾಕ್ ಸರಿಮಾಡೋಕೆ ಅಂತ.

“ನಾನು ಯಾರಿಗೂ ತೋರಿಸಿಲ್ಲ ಅಕ್ಕಾ. ನೀನೇ ಮೇಡಂ ಕೈಗೆ ಕೊಡು,” ಎಂದು ಅತ್ತಿದ್ದ.

ಕೊಟ್ಟೆ. ಸ್ಟುಡಿಯೋದ ಒಡತಿ ಮೇಡಂ ಫೋನ್ ನೋಡಿದರು, ನಡೆದದ್ದು ಕೇಳಿದರು, ಆಮೇಲೆ ನನ್ನ ಹರಿದ ತೋಳು ನೋಡಿದರು.

“ಡಬ್ಬಿ ವಿಷಯ ನಿನ್ನ ತಮ್ಮನಿಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು.”

“ಮತ್ತೆ ಇನ್ನೇನು? ಕಳ್ಳನ ಅಕ್ಕನಿಗೇ ಕಳ್ಳನ್ನ ಹಿಡಿ ಅಂತ ಹೇಳಿದ್ದೀನಿ ನಾನು! ಸಂಜೆ ಐದಕ್ಕೆ ಪೊಲೀಸರು ಬರ್ತಾರೆ. ಅವನು ಈ ಜನ್ಮದಲ್ಲಿ ಆಟದ ಕಂಪನಿ ಮೆಟ್ಟಿಲು ಹತ್ತಲ್ಲ, ನೋಡ್ತಿರು.”

ತಮ್ಮನನ್ನು ಟೆಸ್ಟ್ ರೂಮಿನಲ್ಲಿ ಕೂರಿಸಿದ್ದರು. ಎದುರಿಗೆ ಯಾರೋ ಹುಡುಗಿ ಆಡುತ್ತಿದ್ದಳು. ಇವನು ಅವಳ ಪರದೆ ನೋಡುತ್ತಿರಲಿಲ್ಲ, ಅವಳನ್ನೇ ದುರುಗುಟ್ಟುತ್ತಿದ್ದ.

“ನಾಚಿಕೆ ಇಲ್ವೇನೋ? ತಲೆ ಮೇಲೆ ಕತ್ತಿ ತೂಗ್ತಿದೆ!”

“ಹೆಗಲು ನೋಡ್ತಿದೀನಿ ಅಕ್ಕಾ,” ಎಂದ. “ನಮ್ಮ ಕೆಲಸವೇ ಅದು. ಹೊಸಬರು ತಿರುವು ಕಂಡ ಮೇಲೆ ವಾಲ್ತಾರೆ. ಆಡಿ ಗೊತ್ತಿದ್ದವರು ತಿರುವು ಬರೋ ಮೊದಲೇ ವಾಲ್ತಾರೆ. ಕೈ ಕಟ್ಟಿ ಹಾಕಬಹುದು... ಹೆಗಲನ್ನ ಆಗಲ್ಲ.”

“ಕೊನೇ ಟ್ರ್ಯಾಕಲ್ಲೂ?”

“ಅಲ್ಲಿ ಒಂದು ಸುರಂಗ ಇದೆ. ಪರದೆ ಪೂರ್ತಿ ಕಪ್ಪು. ಆ ಕತ್ತಲಲ್ಲೇ ಎಡಕ್ಕೆ ತಿರುಗಬೇಕು. ನಾನೂ ಈ ಹುಡುಗಿಯೂ ಬಿಟ್ರೆ ಯಾರೂ ಅದನ್ನ ಆಡಿಲ್ಲ.”

ಹುಡುಗಿಗೆ ನನ್ನ ಮನೆಯೇ ಗೊತ್ತಿಲ್ಲ, ಇನ್ನು ಡಬ್ಬಿ ಎಲ್ಲಿ ಗೊತ್ತಿರಬೇಕು?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ... ಗಾದೆ ಕಟ್ಟಿದವರೂ ಟೆಸ್ಟ್ ರೂಮಿನಲ್ಲಿ ಕೂತಿದ್ದರೋ ಏನೋ!

ಮೇಡಂ ಕಾಲು ಹಿಡಿಯುವುದೊಂದು ಬಾಕಿ. ಫೋನ್ ವಾಪಸ್ ತಗೊಂಡೆ.

ಹೊರಗೆ ಬಂದಾಗ ಎದುರು ಫುಟ್‌ಪಾತಿನಲ್ಲಿ ಬೋಳ. ಕುಂಟುತ್ತಾ ಬಂದ. ನಾನು ಹೊರಡುತ್ತಿದ್ದ ಬಸ್ಸಿಗೆ ನೆಗೆದೆ. ಅವನು ಕಿಟಕಿ ಗುದ್ದಿದ.

“ಆ ಡಬ್ಬೀನ ನಿನ್ನ ಬಾಯಿಗೇ ತುರುಕ್ತೀನಿ!”

“ತೊಳೆದು ತರ್ತೀನಿ ಇರು!” ಅಂದೆ.

ಬಾಯಿ ಜೋರಾಗಿತ್ತು. ಎದೆ ಮಾತ್ರ ಡವಗುಟ್ಟುತ್ತಿತ್ತು. ಬೋಳನಿಗೆ ಹೆದರಿ ಅಲ್ಲ... ಮುಂದಿನ ನಿಲ್ದಾಣಕ್ಕೆ.

ನನ್ನ ಗಂಡನದು ಕನ್ನಡಕದ ಅಂಗಡಿ. ಎರಡು ಗೋಡೆಗೂ ಕನ್ನಡಿ. ಸಾಣೆಯ ಮುಂದೆ ಕೂತು ಗಾಜು ಉಜ್ಜುತ್ತಾ ಇಡೀ ದಿನ ಕಳೆಯುವ ಮನುಷ್ಯ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವರ ಮೇಲೆ ಅನುಮಾನ ಬಂದಿದ್ದಕ್ಕೆ ನನಗೇ ನಾಚಿಕೆ. ನಿಜ ಹೇಳ್ತೀನಿ, ಹೆಗಲು ಅಲ್ಲಾಡದಿರಲಿ ಅಂತ ಹರಕೆ ಹೊರುವುದೊಂದು ಬಿಟ್ಟಿದ್ದೆ.

“ಬಂದ್ರಾ ಇನ್ಸ್‌ಪೆಕ್ಟರಮ್ಮಾ?” ಎಂದರು. “ತೋಳಿಗೇನಾಯ್ತು?”

“ಬಾಗಿಲು ತಾಗಿತು. ರೀ, ಇದನ್ನೊಂದು ಸಲ ಆಡಿ ನೋಡಿ. ತಮ್ಮನ ಆಟ.”

“ಅಯ್ಯೋ, ನನಗೆ ಬ್ರೇಕ್ ಯಾವುದು ಹಾರನ್ ಯಾವುದು ಗೊತ್ತಾಗಲ್ಲ ಕಣೇ!”

“ಗೆಲ್ಲೋದೇನೂ ಬೇಡ. ಹಿಡಿದರೆ ಸಾಕು.”

ಕೊನೆಯ ಟ್ರ್ಯಾಕ್ ಹಾಕಿಕೊಟ್ಟೆ.

ಹಿಡಿದರು. ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದರು. ಎರಡನೆಯದರಲ್ಲೂ. “ನೋಡಿದ್ಯಾ? ನನ್ನ ಕೈಲಿ ಆಗಲ್ಲ!” ಎಂದು ನಕ್ಕರು.

ನನಗೂ ನಗು ಬಂತು. ಎದೆ ಹಗುರಾಯಿತು. ಛೇ, ಎಂಥ ಮನುಷ್ಯನ ಮೇಲೆ ಅನುಮಾನ ಪಟ್ಟೆ!

ಸುರಂಗ ಬಂತು. ಪರದೆ ಕಪ್ಪಾಯಿತು.

ಕತ್ತಲಲ್ಲಿ ಎಡ ಹೆಗಲು ಮೆಲ್ಲಗೆ ಇಳಿಯಿತು...

ಕೈ ಅಲ್ಲಾಡಲಿಲ್ಲ. ಕೈ ಜಾಣ ಕೈ. ಹೆಗಲು ಮಾತ್ರ ವಾಲಿತು! ಎರಡೂ ಕನ್ನಡಿಗಳಲ್ಲಿ, ಸಾಲು ಸಾಲಾಗಿ ನನ್ನ ಗಂಡಂದಿರೆಲ್ಲ ಎಡಕ್ಕೆ ವಾಲಿದರು.

ನಾನು ಕುರ್ಚಿ ಹುಡುಕಿ ಕೂತೆ.

“ಎಷ್ಟು ಸಲ ಆಡಿದ್ದೀರಿ?”

“ಏನು? ಈಗ ತಾನೇ...”

ಮೇಜಿನ ಮೇಲೆ ಅವರ ಫೋನ್ ಗುಂಯ್‌ಗುಟ್ಟಿತು. ಅವರಿಗಿಂತ ಮೊದಲು ನನ್ನ ಕೈ ಹೋಯಿತು.

“ಅಣ್ಣಾ,” ಎಂದಿತು ಆ ಕಡೆಯ ದನಿ. “ನಿನ್ನ ಹೆಂಡ್ತಿ ಹೆಂಗಸಾ ರಾಕ್ಷಸಿಯಾ? ನನ್ನ ಮಂಡಿ ಊದಿಕೊಂಡಿದೆ!”

“ಉಪ್ಪು ನೀರಿನ ಶಾಖ ಕೊಡು,” ಎಂದು ಇಟ್ಟೆ. ನಂಬರ್ ಮಾತ್ರ ನನ್ನ ಫೋನಿಗೆ ಇಳಿಸಿಕೊಂಡೆ.

ಗಂಡ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

“ಹದಿನಾರನೇ ವಯಸ್ಸಿಂದ ಆ ಆಟದ ಹುಚ್ಚು ನನಗೆ,” ಎಂದರು. “ನಿನಗೆ ಹೇಳಿರಲಿಲ್ಲ. ನಗ್ತೀಯ ಅಂತ. ಅವನು ಫೋನ್ ಚಾರ್ಜಿಗೆ ಹಾಕಿ ಮಲಗಿದ್ದ... ಒಂದು ತುಣುಕು ನಮ್ಮ ಅಭಿಮಾನಿಗಳ ಗುಂಪಿಗೆ ಹಾಕಿದೆ. ಅಷ್ಟೇ! ಎಲ್ಲರೂ ಗುರು ಗುರು ಅಂದ್ರು. ನನ್ನ ಯಾರು ಯಾವತ್ತು ಗುರು ಅಂದಿದ್ದಾರೆ ಹೇಳು?”

“ಆಮೇಲೆ?”

“ಇವರು ನನ್ನ ಪತ್ತೆ ಹಿಡಿದರು. ನಕಲಿ ಆಟ ಮಾಡೋರು. ಫೋನೇ ಬೇಕು, ಇಲ್ಲಾಂದ್ರೆ ನಿನ್ನ ಹೆಂಡ್ತಿಗೆ ಹೇಳ್ತೀವಿ ಅಂದ್ರು.”

“ಪೊಲೀಸರಿಗಲ್ಲ?”

“ಪೊಲೀಸರಿಗೆ ಅಂದಿದ್ರೆ ಹೆದರ್ತಿರಲಿಲ್ಲ.”

ದೀಪದ ಕೆಳಗೆ ಕತ್ತಲೆ ಅನ್ನುತ್ತಾರೆ. ಊರ ಕಳ್ಳರನ್ನೆಲ್ಲ ನಡುಗಿಸಿದವಳು ಮನೆಯನ್ನೂ ನಡುಗಿಸಿಟ್ಟಿದ್ದೆ. ಅಳು ಬಂತು. ಸಿಟ್ಟು ಅದಕ್ಕಿಂತ ಮೊದಲು ಬಂತು.

“ಕತ್ತಿಗೆ ಸ್ಕ್ರೂಡ್ರೈವರ್ ಇಟ್ಟನಲ್ರೀ! ಡಬ್ಬಿ ಗುಟ್ಟು ಅವನಿಗೆ ಹೇಳಿದ್ರಲ್ಲ!”

“ಫೋನಿಗೆ ನಿನ್ನ ಮೈಯೆಲ್ಲ ತಡಕಾಡಿ ಏಟು ಮಾಡಬಾರದು ಅಂತಲೇ ಹೇಳಿದ್ದು ಕಣೇ... ನೋವಾಯ್ತಾ?”

ಕೇಳಿದ್ದು ನಿಜವಾದ ಕಾಳಜಿಯಿಂದಲೇ. ಅದನ್ನು ತಡೆಯಲಾಗಲಿಲ್ಲ ನನಗೆ.

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು. ಅಲ್ಲಿ ತಮ್ಮ ಕೂತಿದ್ದಾನೆ, ಬೇರೆಯವರ ಹೆಗಲು ನೋಡುತ್ತಾ.

“ನಿನ್ನ ತಮ್ಮ ಚಿಕ್ಕವನು,” ಎಂದರು ಗಂಡ ಮೆತ್ತಗೆ. “ಬೇರೆ ಕೆಲಸ ಸಿಗುತ್ತೆ. ನಾವಿಬ್ಬರು... ನೀನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ.”

ನನಗೆ ಗೊತ್ತಾಗುತ್ತಲ್ಲ!

ಅವರ ಕನ್ನಡಕವನ್ನು ನಾನೇ ಎತ್ತಿ ಮೂಗಿನ ಮೇಲೆ ಕೂರಿಸಿದೆ. ಆಮೇಲೆ ಮೇಡಂಗೆ ಫೋನ್ ಮಾಡಿದೆ.

“ಮೇಡಂ, ನನ್ನ ತಮ್ಮನ್ನ ಬಿಡಿ. ಕಳ್ಳ ಸಿಕ್ಕ. ಅವನ ಹಿಂದಿರೋರ ನಂಬರೂ ಇದೆ.”

“ಯಾರವನು? ಪೊಲೀಸರನ್ನ ಎಲ್ಲಿಗೆ ಕಳಿಸಲಿ? ಅಡ್ರೆಸ್ ಹೇಳು!”

“ಬರಕೊಳ್ಳೋದೇ ಬೇಡ ಮೇಡಂ. ನನ್ನ ಫೀಸಿನ ಚೆಕ್ ಕಳಿಸ್ತೀರಲ್ಲ... ಅದೇ ಮನೆ!”